ಫಲಕದ ಮೇಲಿನ ದಪ್ಪಕ್ಷರ: ದುಂಡು ಲಿಪಿಯ ಒಂದು ಅಲಕ್ಷಿತ ಚರಿತ್ರೆ

ಕನ್ನಡ ಲಿಪಿಯ ಬೆಳವಣಿಗೆಯನ್ನು ಕುರಿತು ನಮ್ಮಲ್ಲಿ ವಿದ್ವತ್ಪೂರ್ಣವಾದ ಬರೆವಣಿಗೆಗೆ ಕೊರತೆಯಿಲ್ಲ. ಹಲ್ಮಿಡಿಯ ಕಲ್ಲಿನಿಂದ ಹೊರಟು, ಬಾದಾಮಿ, ಕಲ್ಯಾಣ, ದೋರಸಮುದ್ರಗಳನ್ನು ಹಾದು, ಓಲೆಗರಿಯ ಕಟ್ಟುಗಳನ್ನು ಬಿಚ್ಚಿ ನೋಡಿ, ಕಡೆಗೆ ಅಚ್ಚುಕೂಟದ ಬಾಗಿಲಿಗೆ ಬಂದು ಈ ಚರಿತ್ರೆ ಸಾಮಾನ್ಯವಾಗಿ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಅಕ್ಷರಕ್ಕೆ ಚರಿತ್ರೆಯೇ ಇಲ್ಲವೇನೋ ಎಂಬಂತೆ ಪಂಡಿತರು ಲೇಖನಿಯನ್ನು ಕೆಳಗಿಡುತ್ತಾರೆ. ಅದರಲ್ಲಿಯೂ ಶಾಲೆಯ ಹೆಬ್ಬಾಗಿಲು, ಅಂಗಡಿಯ ನೆತ್ತಿ, ಬಸ್ಸಿನ ಹಣೆ, ಗೋಡೆಪತ್ರ, ಇವುಗಳ ಮೇಲೆ ನಿಲ್ಲುವ ದಪ್ಪಕ್ಷರವನ್ನು ಸಂಶೋಧನೆಗೆ ತಕ್ಕ ವಸ್ತುವೆಂದು ಎಣಿಸುವವರು ವಿರಳ. ಗಡಿನಾಡಿನ ಅಧ್ಯಾಪಕರಾದ ನಮಗೆ ಈ ಅಲಕ್ಷ್ಯ ಸಲ್ಲದು. ಪುಸ್ತಕದೊಳಗಿನ ಸಣ್ಣ ಅಕ್ಷರವನ್ನು ಓದಬೇಕೆಂದು ಕುಳಿತವನು ಮಾತ್ರ ಓದುತ್ತಾನೆ. ಫಲಕದ ಅಕ್ಷರ ಹಾದಿಹೋಕನ ಕಣ್ಣಿಗೂ ಬೀಳುತ್ತದೆ. ಕಾಸರಗೋಡಿನಲ್ಲಾಗಲಿ, ತಾಳವಾಡಿಯಲ್ಲಾಗಲಿ, ಜತ್ತದಲ್ಲಾಗಲಿ, ರಾಯದುರ್ಗದಲ್ಲಾಗಲಿ ಕನ್ನಡವೂ ಆ ಊರಿನ ಮನೆಮಾತು ಎಂದು ಹೊರಗಿನವನಿಗೆ ಮೊದಲು ಸಾಕ್ಷಿ ಹೇಳುವುದು ಆ ಅಕ್ಷರವೇ. ಆದುದರಿಂದ ಆ ಸಾಕ್ಷಿಯ ವಂಶವೃತ್ತಾಂತವನ್ನು ಸ್ವಲ್ಪ ವಿಚಾರಿಸುವುದು ಉಚಿತ.

ಇಂದು ಫಲಕಗಳ ಮೇಲೆ ಹೆಚ್ಚಾಗಿ ಕಾಣುವ ಒಂದು ಬಗೆಯ ಅಕ್ಷರವುಂಟು. ಅದರ ಗೆರೆಗಳು ದಪ್ಪ. ದಪ್ಪವು ಮೊದಲಿಂದ ಕಡೆಯವರೆಗೆ ಹೆಚ್ಚುಕಡಿಮೆ ಒಂದೇ. ತುದಿಗಳು ಕತ್ತರಿಸಿದಂತಿರದೆ ದುಂಡಾಗಿರುತ್ತವೆ. ಇಂಗ್ಲಿಷಿನ ಅಚ್ಚಿನವರು ಇದನ್ನು ರೌಂಡೆಡ್ ಸ್ಯಾನ್ಸ್ ಸೆರಿಫ್ ಎನ್ನುತ್ತಾರೆ. ಸೆರಿಫ್ ಎಂದರೆ ರೋಮನ್ ಅಕ್ಷರಗಳ ಕೈಕಾಲುಗಳ ತುದಿಯಲ್ಲಿ ಚಾಚಿಕೊಂಡಿರುವ ಸಣ್ಣ ಕುಡಿಗೆರೆ. ಅದಿಲ್ಲದ ಅಕ್ಷರ ಸ್ಯಾನ್ಸ್ ಸೆರಿಫ್. ಇದನ್ನು ಕಂಡ ನಮ್ಮ ಹಿರಿಯರಲ್ಲಿ ಹಲವರು, ಇದು ಪಶ್ಚಿಮದಿಂದ ಬಂದ ಹೊಸ ಷೋಕಿ, ಕನ್ನಡಕ್ಕೆ ಹೊರಗಿನದು ಎಂದು ಮೂಗು ಮುರಿಯುವುದುಂಟು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಹೆಸರು ಪಶ್ಚಿಮದ್ದು, ನಿಜ. ರೂಪ ಎಲ್ಲಿಯದು ಎಂಬುದೇ ಪ್ರಶ್ನೆ.

ಮೊದಲು ಪಶ್ಚಿಮದ ಕಥೆಯನ್ನು ಸಂಕ್ಷೇಪವಾಗಿ ಮುಗಿಸೋಣ. ಕುಡಿಗೆರೆಯಿಲ್ಲದ ರೋಮನ್ ಅಕ್ಷರವನ್ನು ಅಚ್ಚುಮೊಳೆಯಾಗಿ ಎರಕಹೊಯ್ದು ಮಾದರಿಪುಸ್ತಕದಲ್ಲಿ ಮೊದಲು ತೋರಿಸಿದವನು ಲಂಡನ್ನಿನ ನಾಲ್ಕನೆಯ ವಿಲಿಯಂ ಕ್ಯಾಸ್ಲನ್, ವರ್ಷ ೧೮೧೬. ಅದರಲ್ಲಿ ದೊಡ್ಡಕ್ಷರಗಳಷ್ಟೇ ಇದ್ದುವು. ೧೮೩೨ರಲ್ಲಿ ವಿನ್ಸೆಂಟ್ ಫಿಗ್ಗಿನ್ಸ್ ಎಂಬ ಮತ್ತೊಬ್ಬ ಎರಕದವನು ದಪ್ಪನೆಯ ಮೊಳೆಗಳಿಗೆ ಸ್ಯಾನ್ಸ್ ಸೆರಿಫ್ ಎಂಬ ಹೆಸರನ್ನು ಕೊಟ್ಟನು. ಅದು ಕೈಗಾರಿಕೆಗಳ ಕಾಲ. ಸರಕು ಹೆಚ್ಚಿತು, ಕೂಗಿ ಮಾರಬೇಕಾಯಿತು, ಗೋಡೆಪತ್ರಕ್ಕೆ ದೂರದಿಂದ ಕಾಣುವ ಅಕ್ಷರ ಬೇಕಾಯಿತು. ಅಮೆರಿಕದಲ್ಲಿ ಡೇರಿಯಸ್ ವೆಲ್ಸ್ ಎಂಬವನು ೧೮೨೭ರ ಹೊತ್ತಿಗೆ ಮರದ ಮೊಳೆಗಳನ್ನು ಯಂತ್ರದಿಂದ ಕೊರೆಯುವ ಉಪಾಯವನ್ನು ಕಂಡುಹಿಡಿದ ಮೇಲೆ ಆಳೆತ್ತರದ ಜಾಹೀರಾತುಗಳೂ ಸುಲಭವಾದುವು. ತುದಿ ದುಂಡಾಗುವುದಕ್ಕೆ ಮಾತ್ರ ಬೇರೆ ಕಾರಣ. ಅದು ಉಪಕರಣದ ಗುಣ. ೨೦ನೆಯ ಶತಮಾನದ ಎರಡನೆಯ ದಶಕದಲ್ಲಿ ಅಮೆರಿಕದ ಫಲಕಲೇಖಕರ ಕೈಗೆ ಸ್ಪೀಡ್‌ಬಾಲ್ ಎಂಬ ಲೇಖನಿಗಳು ಬಂದುವು. ಅವುಗಳಲ್ಲಿ ಒಂದು ಬಗೆಯ ಮುಳ್ಳು ನಾಣ್ಯದಂತೆ ದುಂಡು. ಅದು ಎಲ್ಲಿ ನಿಂತರೂ ತುದಿ ದುಂಡಾಗಿಯೇ ಮೂಡುತ್ತದೆ, ಎತ್ತ ಹೊರಳಿದರೂ ಗೆರೆಯ ದಪ್ಪ ಬದಲಾಗದು. ೧೯೭೯ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪೆನಿಯು ತನ್ನ ಫಲಕ, ಜಾಹೀರಾತುಗಳಿಗಾಗಿ ಇಂತಹ ಅಕ್ಷರಮಾದರಿಯೊಂದನ್ನು ಮಾಡಿಸಿತು. ವಿ.ಎ.ಜಿ. ರೌಂಡೆಡ್ ಎಂಬ ಆ ಮಾದರಿ ಮುಂದೆ ಆಪಲ್ ಕಂಪೆನಿಯ ಗಣಕಯಂತ್ರಗಳ ಕೀಲಿಗಳ ಮೇಲೆಯೂ ಹಲವು ವರ್ಷ ನಿಂತಿತು. ಪಶ್ಚಿಮದ ಮಾತು ಇಷ್ಟು ಸಾಕು.

ಇನ್ನು ನಮ್ಮ ಅಕ್ಷರದ ಕಡೆಗೆ ತಿರುಗೋಣ. ಕನ್ನಡದಲ್ಲಿ ಸೆರಿಫ್ ಉಂಟೆ? ಕ್ರಿ. ಶ. ೪೫೦ರ ಸುಮಾರಿನದೆಂದು ಹೇಳುವ ಹಲ್ಮಿಡಿಯ ಶಾಸನವನ್ನೂ ಕದಂಬರ ಬೇರೆ ಶಾಸನಗಳನ್ನೂ ನೋಡಿದವರಿಗೆ ಅಕ್ಷರಗಳ ತಲೆಯ ಮೇಲಿನ ಗುರುತು ನೆನಪಿರಬಹುದು. ಕೆಲವು ಶಾಸನಗಳಲ್ಲಿ ಅದು ಸಣ್ಣ ಪೆಟ್ಟಿಗೆಯಂತೆ ಚೌಕವಾಗಿರುತ್ತದೆ. ಲಿಪಿಶಾಸ್ತ್ರಜ್ಞರು ಅದನ್ನು ಪೆಟ್ಟಿಗೆ ತಲೆಯ ಲಿಪಿ ಎಂದೇ ಕರೆದರು. ರೋಮನ್ ಕಲ್ಕುಟಿಗನ ಕುಡಿಗೆರೆಗೂ ಈ ತಲೆಗುರುತಿಗೂ ಹುಟ್ಟಿನಲ್ಲಿ ಹೋಲಿಕೆಯಿದೆಯೆಂದು ವಾದಿಸಬಹುದು. ಆದರೆ ಮುಂದಿನ ಬಾಳಿನಲ್ಲಿ ಹೋಲಿಕೆಯಿಲ್ಲ. ರೋಮನ್ ಕುಡಿ ಕಡೆಯವರೆಗೂ ಅಲಂಕಾರವಾಗಿಯೇ ಉಳಿಯಿತು; ಬೇಡವೆಂದಾಗ ಕಿತ್ತುಹಾಕಿದರೆ ಅಕ್ಷರಕ್ಕೆ ನಷ್ಟವಿಲ್ಲ. ನಮ್ಮಲ್ಲಿ ಆ ಗುರುತೇ ಬೆಳೆದು ತಲೆಕಟ್ಟಾಯಿತು, ಅದಕ್ಕೊಂದು ಉದ್ಯೋಗವೂ ದೊರೆಯಿತು. ಖ, ಜ, ಟ, ಣ, ಬ, ಲ ಮೊದಲಾದ ಕೆಲವನ್ನು ಬಿಟ್ಟರೆ ಉಳಿದ ವ್ಯಂಜನಗಳಲ್ಲಿ ತಲೆಕಟ್ಟು ಅಕಾರವನ್ನು ಹೊತ್ತು ನಿಂತಿದೆ. ಕ ಎಂಬುದು ಕಿ ಆಗುವಾಗ ತಲೆಕಟ್ಟು ಹೋಗಿ ಗುಡಿಸು ಬರುತ್ತದೆ. ಕೆ ಆಗುವಾಗ ಅದೇ ಜಾಗಕ್ಕೆ ಏತ್ವ ಬರುತ್ತದೆ. ಒಂದನೆಯ ತರಗತಿಯ ಮಗುವಿಗೂ ಗೊತ್ತಿರುವ ಸಂಗತಿ ಇದು. ಹಾಗಾದ ಮೇಲೆ ತಲೆಕಟ್ಟನ್ನು ಸೆರಿಫ್ ಎಂದು ತಿಳಿದು ತೆಗೆದುಹಾಕಲು ಹೊರಡುವ ವಿನ್ಯಾಸಕಾರನು ಸ್ವರಕ್ಕೇ ಕೈಹಾಕಿದಂತೆ. ಸ್ಯಾನ್ಸ್ ಸೆರಿಫ್ ಎಂಬ ಪದ ನಮ್ಮ ಲಿಪಿಗೆ ಅಕ್ಷರಶಃ ಹೊಂದುವುದಿಲ್ಲವೆಂದು ಇದರಿಂದ ಸ್ಪಷ್ಟ. ಕನ್ನಡದ ಮಟ್ಟಿಗೆ ಅದರ ಅರ್ಥ, ಗೆರೆಯ ದಪ್ಪದಲ್ಲಿ ಏರಿಳಿತವಿಲ್ಲದ ಅಕ್ಷರ ಎಂದಷ್ಟೆ.

ದುಂಡುತನದ ವಿಷಯದಲ್ಲಿ ಪಾಠಪುಸ್ತಕಗಳು ಹೇಳುವ ಕಾರಣ ಒಂದೇ: ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ನೇರವಾದ ಅಡ್ಡಗೆರೆ ಎಳೆದರೆ ಗರಿ ನಾರಿನ ಉದ್ದಕ್ಕೆ ಸೀಳಿಹೋಗುತ್ತದೆ, ಆದುದರಿಂದ ದಕ್ಷಿಣದವರು ಅಕ್ಷರವನ್ನು ಬಾಗಿಸಿದರು. ಈ ಕಾರಣವನ್ನು ತಳ್ಳಿಹಾಕಬೇಕಾಗಿಲ್ಲ. ಆದರೆ ಇದೊಂದೇ ಸಾಲದೆಂದು ನನ್ನ ಅಭಿಪ್ರಾಯ. ಅದೇ ತಾಳೆಗರಿಯ ಮೇಲೆ ಅದೇ ಕಂಟದಿಂದ ಬರೆದ ತಮಿಳು ತನ್ನ ನೇರಗೆರೆಗಳನ್ನು ಎಷ್ಟೋ ಕಡೆ ಉಳಿಸಿಕೊಂಡಿದೆ. ಇತ್ತ ಗರಿಯ ಭಯವಿಲ್ಲದ ಕಲ್ಲಿನ ಮೇಲೆಯೂ ಕನ್ನಡದ ಅಕ್ಷರ ಶತಮಾನದಿಂದ ಶತಮಾನಕ್ಕೆ ದುಂಡಾಗುತ್ತಲೇ ಬಂದಿತು; ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಸಾಲು ಸಾಲೂ ಮುತ್ತು ಪೋಣಿಸಿದಂತೆ ಕಾಣುತ್ತದೆ. ಬರೆಯುವ ಕೈಗೆ ಒಂದು ಅಭ್ಯಾಸ ಬಿದ್ದರೆ ಸಾಧನ ಬದಲಾದರೂ ಅದು ಮುಂದುವರಿಯುತ್ತದೆ. ಪ್ರತಿದಿನ ಕಾಪಿ ತಿದ್ದುವ ನಮಗೆ ಇದು ಹೊಸ ತತ್ತ್ವವಲ್ಲ.

ಕಲ್ಲು, ಗರಿ ಎರಡನ್ನೂ ಬಿಟ್ಟು ಇನ್ನೆರಡು ಬರೆವಣಿಗೆಗಳು ನಮ್ಮ ನಾಡಿನಲ್ಲಿದ್ದುವು. ವಿದ್ವಾಂಸರು ಇವನ್ನು ಲಿಪಿಚರಿತ್ರೆಯಲ್ಲಿ ಸೇರಿಸುವುದು ಕಡಿಮೆ. ಒಂದು, ಕಡತ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪು ಮಾಡಿ, ಮಡಿಸಿ, ಅದರ ಮೇಲೆ ಬಿಳಿಯ ಬಳಪದಿಂದ ಬರೆಯುತ್ತಿದ್ದರು. ಶಾನುಭೋಗರ ಲೆಕ್ಕ, ಮಠಗಳ ಆಯವ್ಯಯ, ವ್ಯಾಪಾರಿಗಳ ವಹಿವಾಟು ಎಲ್ಲವೂ ಅದರಲ್ಲೇ. ಇನ್ನೊಂದು, ಮರಳು. ಐಗಳ ಮಠದಲ್ಲಾಗಲಿ ಕೂಲಿಮಠದಲ್ಲಾಗಲಿ ಹುಡುಗನು ಮೊದಲು ಓಂಕಾರವನ್ನೂ ಅಕಾರವನ್ನೂ ತಿದ್ದಿದ್ದು ನೆಲದ ಮೇಲೆ ಹರವಿದ ಮರಳಿನಲ್ಲಿ, ತನ್ನ ಬೆರಳಿನಿಂದ. ಗರಿಯಾಗಲಿ ಕಾಗದವಾಗಲಿ ಅವನ ಕೈಗೆ ಬರುತ್ತಿದ್ದುದು ಆ ಮೇಲೆ. ಈಗ ವಾಚಕರು ಆ ಮರಳಿನ ಅಕ್ಷರವನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಬೆರಳಿನಷ್ಟು ದಪ್ಪ, ದಪ್ಪ ಎಲ್ಲೆಡೆಯೂ ಒಂದೇ, ಬೆರಳು ಎತ್ತಿದಲ್ಲಿ ತುದಿ ದುಂಡು, ಕುಡಿಯಿಲ್ಲ, ಕೊಕ್ಕೆಯಿಲ್ಲ. ಬಳಪದ ಅಕ್ಷರವೂ ಹಾಗೆಯೇ. ನಾವು ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಯುವುದೂ ಅದನ್ನೇ. ಪಶ್ಚಿಮದವರು ಗೋಡೆಪತ್ರಕ್ಕಾಗಿ ಹುಡುಕಿಕೊಂಡ ರೂಪ ನಮ್ಮ ಪ್ರತಿಯೊಂದು ಮಗುವೂ ಅಕ್ಷರಾಭ್ಯಾಸದ ದಿನ ಬರೆಯುತ್ತಿದ್ದ ರೂಪವೇ ಆಗಿದೆ. ಅಚ್ಚಿಗೆ ಮಾತ್ರ ಅದು ಬಹಳ ಕಾಲ ಏರಲಿಲ್ಲ.

ಏಕೆ ಏರಲಿಲ್ಲ? ಅಚ್ಚು ಬಂದ ಬಗೆಯನ್ನು ನೋಡಬೇಕು. ಕೇರಿಯ ಕನ್ನಡ ವ್ಯಾಕರಣ ಸಿರಾಂಪುರದಲ್ಲಿ ಅಚ್ಚಾದದ್ದು ೧೮೧೭ರಲ್ಲಿ. ಆಗ ಮೊಳೆ ಕೊರೆಯುವ ವಿದ್ಯೆಯನ್ನು ತಂದವರು ರೋಮನ್ ಅಕ್ಷರದಲ್ಲಿ ಪಳಗಿದವರು. ಗೆರೆ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿದ್ದರೆ ಚಂದ ಎಂಬ ರುಚಿಯೂ ಆ ವಿದ್ಯೆಯ ಜೊತೆಯಲ್ಲೇ ಬಂದಿತು. ಮಂಗಳೂರಿನಲ್ಲಿ ಸಂಗತಿ ಸ್ವಲ್ಪ ಬೇರೆ. ಬಾಸೆಲ್ ಮಿಶನ್ನಿನವರು ೧೮೪೧ರಲ್ಲಿ ಅಲ್ಲಿ ತಂದಿಟ್ಟದ್ದು ಕಲ್ಲಚ್ಚು. ಹೆರ್ಮನ್ ಮೋಗ್ಲಿಂಗರು ೧೮೪೩ರ ಜುಲೈ ೧ರಂದು ಹೊರಡಿಸಿದ 'ಮಂಗಳೂರ ಸಮಾಚಾರ' ಆ ಕಲ್ಲಚ್ಚಿನಲ್ಲೇ ಅಚ್ಚಾಯಿತು. ಕಲ್ಲಚ್ಚಿಗೆ ಮೊಳೆ ಬೇಡ; ಬರೆಯುವವನ ಕೈಬರಹವೇ ಕಾಗದಕ್ಕಿಳಿಯುತ್ತದೆ. ಆದುದರಿಂದ ಕನ್ನಡದ ಮೊದಲ ವೃತ್ತಪತ್ರಿಕೆ ಒಂದರ್ಥದಲ್ಲಿ ಕೈಬರಹದ ಪತ್ರಿಕೆ. ಮರುವರ್ಷ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಎಂಬ ಹೆಸರಿನಿಂದ ಮೊಳೆಯಲ್ಲಿ ಅಚ್ಚಾಯಿತು. ಆ ಬಳ್ಳಾರಿ ಜಿಲ್ಲೆಯಲ್ಲೇ ಆಗ ಆದವಾನಿ, ರಾಯದುರ್ಗಗಳೂ ಸೇರಿದ್ದುವು. ೧೯೫೩ರ ಅಕ್ಟೋಬರ್ ೧ರಂದು ಅವು ಆಂಧ್ರಕ್ಕೆ ಹೋದುವು.

ಮಂಗಳೂರಿನ ಆ ಅಚ್ಚುಕೂಟ ಬರಿಯ ಕನ್ನಡದ್ದಾಗಿರಲಿಲ್ಲ ಎಂಬುದನ್ನು ಕಾಸರಗೋಡಿನ ಸ್ನೇಹಿತರು ವಿಶೇಷವಾಗಿ ಗಮನಿಸಬೇಕು. ಗುಂಡರ್ಟರ ಮಲೆಯಾಳ ನಿಘಂಟು ೧೮೭೨ರಲ್ಲಿ, ಮ್ಯಾನರರ ತುಳು ನಿಘಂಟು ೧೮೮೬ರಲ್ಲಿ, ಕಿಟ್ಟೆಲರ ಕನ್ನಡ ನಿಘಂಟು ೧೮೯೪ರಲ್ಲಿ, ಮೂರೂ ಹೊರಬಿದ್ದದ್ದು ಅಲ್ಲಿಂದಲೇ. ತುಳುವಿಗೆ ಕನ್ನಡದ ಮೊಳೆಗಳನ್ನೇ ಬಳಸಿದರು. ಎರಡು ಲಿಪಿಗಳ ಮೊಳೆಯ ಕೇಸುಗಳು ಒಂದೇ ಅಂಗಳದಲ್ಲಿದ್ದುವು. ಮುಂದೆ ೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಭೂಪಟದ ಮೇಲಿನ ಆ ಗೆರೆಗೆ ಮೊದಲು ಮೊಳೆಗಳ ನಡುವೆ ಗೆರೆಯಿರಲಿಲ್ಲ.

ಮೊಳೆಯ ಅಚ್ಚಿನಲ್ಲಿ ಕನ್ನಡದ ಕಷ್ಟ ಕಂಪೋಸಿಟರರನ್ನು ಕೇಳಿದವರಿಗೇ ಗೊತ್ತು. ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಸೇರಿ ನೂರಾರು ಮೊಳೆಗಳ ಒಂದು ಕೇಸು ಬೇಕು. ಓದುವ ಅಳತೆಯ ಅಕ್ಷರಕ್ಕೇ ಇಷ್ಟು ಖರ್ಚಾದರೆ ಶೀರ್ಷಿಕೆಗೆಂದು ಬೇರೆ ದಪ್ಪದ, ಬೇರೆ ರುಚಿಯ ಇನ್ನೊಂದು ಕೇಸನ್ನು ಮಾಡಿಸುವ ಧನಿಕರು ಎಲ್ಲಿ? ಹಾಗಾಗಿ ನಮ್ಮ ಪತ್ರಿಕೆಗಳೂ ಪ್ರಕಾಶಕರೂ ಒಂದು ಸುಲಭೋಪಾಯ ಕಂಡುಕೊಂಡರು. ತಲೆಬರಹವನ್ನು ಕಲಾವಿದರಿಂದ ಕೈಯಲ್ಲೇ ಬರೆಯಿಸಿ ಬ್ಲಾಕು ಮಾಡಿಸುವುದು. ಕಥೆಗಳ ಹೆಸರು, ಪುಸ್ತಕದ ರಕ್ಷಾಪತ್ರ, ಚಲಚ್ಚಿತ್ರಗಳ ಹೆಸರು, ಎಲ್ಲವೂ ಹೀಗೆ ಕುಂಚದಿಂದಲೇ ಬಂದುವು. ಊರೂರಿನಲ್ಲಿ ಬೋರ್ಡು ಬರೆಯುವವರು ಇದ್ದರು. ಅವರ ಕುಂಚದಲ್ಲಿ ದುಂಡು ದಪ್ಪಕ್ಷರ ಜೀವಂತವಾಗಿ ಉಳಿದಿತ್ತು. ಹೆಸರು ಹಾಕದ ಈ ಕಲಾವಿದರ ಚರಿತ್ರೆಯನ್ನು ಯಾರಾದರೂ ಬರೆದರೆ ಅದೊಂದು ಸೇವೆ. ಗಡಿಯ ಊರುಗಳಲ್ಲಿ ಅವರ ಹೆಚ್ಚುಗಾರಿಕೆ ಮತ್ತೂ ದೊಡ್ಡದು: ಒಂದೇ ಕೈ ಎರಡು ಲಿಪಿಗಳನ್ನು ಒಂದೇ ಕುಂಚದಿಂದ ಬರೆಯುತ್ತಿತ್ತು. ಕುಂಚ ಒಂದೇ ಆದುದರಿಂದ ದಪ್ಪವೂ ಒಂದೇ. ಒಂದು ಭಾಷೆ ಗುಂಡುಕಲ್ಲಿನಂತೆಯೂ ಮತ್ತೊಂದು ನೂಲಿನಂತೆಯೂ ಕಾಣುವ ಪ್ರಸಂಗ ಅವರ ಫಲಕಗಳಲ್ಲಿ ಅಪೂರ್ವ.

ಈಗ ದಪ್ಪದ ತೊಂದರೆಯನ್ನು ಹೇಳಬೇಕು. ಏಕೆಂದರೆ ಮರಳಿನಲ್ಲಿ ಬರೆದದ್ದೆಲ್ಲ ಫಲಕಕ್ಕೆ ಹಾಗೆಯೇ ಹೊಂದುವುದಿಲ್ಲ. ಗೆರೆಯನ್ನು ದಪ್ಪ ಮಾಡಿದಂತೆಲ್ಲ ಅಕ್ಷರದೊಳಗಿನ ಬಯಲು ಕಿರಿದಾಗುತ್ತದೆ. ರೋಮನ್ ಅಕ್ಷರಕ್ಕೆ ಇದರಿಂದ ಅಷ್ಟು ಹಾನಿಯಿಲ್ಲ. ಕನ್ನಡದಲ್ಲಿ ಬಯಲೇ ಎಷ್ಟೋ ಕಡೆ ಅರ್ಥ. ದ ಎಂಬುದರ ಹೊಟ್ಟೆ ಸೀಳಿದರೆ ಧ. ಹಾಗೆಯೇ ಚ-ಛ, ಡ-ಢ, ಪ-ಫ, ಬ-ಭ. ಈ ಮಹಾಪ್ರಾಣದ ಸೀಳು ದಪ್ಪಕ್ಷರದಲ್ಲಿ ಮೊದಲು ಮುಚ್ಚಿಹೋಗುವ ಜಾಗ. ದೂರದಿಂದ ನೋಡಿದಾಗ 'ಧನಸಹಾಯ' ಎಂಬುದು 'ದನಸಹಾಯ'ವಾಗುತ್ತದೆ. ಪಶುವೈದ್ಯಶಾಲೆಗೆ ಹೊಂದೀತು, ಬ್ಯಾಂಕಿಗೆ ಹೊಂದದು. ಪ ಮತ್ತು ಷ, ರ ಮತ್ತು ಠ ಇವುಗಳಲ್ಲಿಯೂ ಒಳಗಿನ ಒಂದು ಚಿಕ್ಕ ಗೆರೆ ಅಥವಾ ಚುಕ್ಕೆಯಷ್ಟೇ ಭೇದ. ಪ ಮತ್ತು ವ ಬೇರೆಯಾಗುವುದು ತಲೆಯ ಬಳಿ ಗೆರೆ ಕೂಡಿದೆಯೋ ಬಿಟ್ಟಿದೆಯೋ ಎಂಬುದರಿಂದ. ಆದುದರಿಂದ ಬಲ್ಲವನು ದಪ್ಪಕ್ಷರವನ್ನು ಬರೆಯುವಾಗ ಗೆರೆಯ ದಪ್ಪವನ್ನು ನಿಜವಾಗಿ ಎಲ್ಲೆಡೆಯೂ ಒಂದೇ ಇಡುವುದಿಲ್ಲ. ಗೆರೆಗೆ ಗೆರೆ ಕೂಡುವ ಸಂದಿನಲ್ಲಿ ಕಣ್ಣಿಗೆ ತಿಳಿಯದಂತೆ ತೆಳುಮಾಡುತ್ತಾನೆ, ಸೀಳನ್ನು ಅಳತೆಗಿಂತ ಅಗಲವಾಗಿ ಬಿಡುತ್ತಾನೆ. ನೋಡುವವನಿಗೆ ಒಂದೇ ದಪ್ಪವೆಂದು ತೋರಬೇಕು; ಅಳೆಯುವವನಿಗೆ ಬೇರೆ ಬೇರೆಯೆಂದು ಸಿಕ್ಕಬೇಕು.

ಎರಡನೆಯ ತೊಂದರೆ ಎತ್ತರದ್ದು. ಕನ್ನಡದ ಸಾಲು ಮೂರು ಅಂತಸ್ತಿನ ಮನೆ. ನಡುವೆ ಅಕ್ಷರದ ಮೈ; ಮೇಲೆ ತಲೆಕಟ್ಟು, ಗುಡಿಸು, ಏತ್ವಗಳು; ಕೆಳಗೆ ಒತ್ತಕ್ಷರ. 'ಸ್ವಾತಂತ್ರ್ಯ', 'ರಾಷ್ಟ್ರೀಯ' ಎಂಬಲ್ಲಿ ಒತ್ತಿಗೆ ಒತ್ತು ಸೇರಿ ನೆಲಮಾಳಿಗೆಯೇ ಎರಡಾಗುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಅಂತಸ್ತಿನವು. ಈಗ ಒಂದು ಫಲಕದಲ್ಲಿ ಎರಡು ಭಾಷೆಗೂ ಒಂದೊಂದಡಿ ಎತ್ತರದ ಪಟ್ಟಿಯನ್ನು ಹಂಚಿಕೊಟ್ಟರೆನ್ನಿ. ಇಂಗ್ಲಿಷಿನ ಅಕ್ಷರ ಆ ಅಡಿಯನ್ನು ಪೂರಾ ತುಂಬಿ ನಿಲ್ಲುತ್ತದೆ. ಕನ್ನಡದವನು ಒತ್ತಿಗೂ ಗುಡಿಸಿಗೂ ಜಾಗ ಬಿಟ್ಟು ಉಳಿದದ್ದರಲ್ಲಿ ಮೈಯನ್ನು ಕೂರಿಸಬೇಕು. ಅದು ಪಟ್ಟಿಯ ಅರ್ಧಕ್ಕಿಳಿದರೂ ಆಶ್ಚರ್ಯವಿಲ್ಲ. ಮೈ ಕುಗ್ಗಿದಾಗ ಗೆರೆಯೂ ತೆಳುವಾಗುತ್ತದೆ. ಗಡಿಭಾಗದ ಫಲಕಗಳಲ್ಲಿ ನಮ್ಮ ಸಾಲು ಬಡಕಲಾಗಿ ಕಾಣುವುದಕ್ಕೆ ಎಲ್ಲ ಕಡೆಯೂ ಅಧಿಕಾರಿಗಳ ತಾತ್ಸಾರವೇ ಕಾರಣವೆಂದು ನಾನು ಹೇಳಲಾರೆ. ತಾತ್ಸಾರವಿದ್ದ ಕಡೆ ಇದೆ. ಆದರೆ ಅಡಿಕೋಲು ಹಿಡಿದು ಸಮವಾಗಿ ಹಂಚಿದೆವೆಂದು ನಂಬಿದವರಿಂದಲೂ ಈ ಅನ್ಯಾಯವಾಗುತ್ತದೆ. ಅಳೆಯಬೇಕಾದ್ದು ಪಟ್ಟಿಯನ್ನಲ್ಲ, ಅಕ್ಷರದ ಮೈಯನ್ನು. ಅರ್ಜಿ ಬರೆಯುವಾಗ ನಮ್ಮ ಸಂಘದವರು 'ಕನ್ನಡಕ್ಕೂ ಸ್ಥಾನ ಕೊಡಿ' ಎಂದಷ್ಟೇ ಕೇಳದೆ, 'ಕನ್ನಡ ಅಕ್ಷರದ ಮೈಯ ಎತ್ತರ ಇತರ ಭಾಷೆಯ ಅಕ್ಷರದ ಮೈಗೆ ಸಮನಾಗಿರಬೇಕು' ಎಂದು ಸ್ಪಷ್ಟವಾಗಿ ಕೇಳುವುದು ಲೇಸು.

ನೆರೆಯ ಲಿಪಿಗಳ ಜೊತೆಯಲ್ಲಿ ಈ ಲೆಕ್ಕ ಒಂದೊಂದು ಗಡಿಯಲ್ಲಿ ಒಂದೊಂದು ತೆರ. ಹೊಸೂರು, ತಾಳವಾಡಿಗಳಲ್ಲಿ ಪಕ್ಕದ ಸಾಲು ತಮಿಳು. ತಮಿಳಿನಲ್ಲಿ ಮಹಾಪ್ರಾಣವಿಲ್ಲ, ಕೆಳಗಿಳಿಯುವ ಒತ್ತಿಲ್ಲ, ಮೇಲೆ ಒಂದು ಪುಳ್ಳಿ ಇಟ್ಟರಾಯಿತು. ಅದನ್ನು ಎಷ್ಟು ದಪ್ಪ ಮಾಡಿದರೂ ತಾಳಿಕೊಳ್ಳುತ್ತದೆ. ಆದವಾನಿ, ಮಡಕಶಿರದ ಕಡೆ ತೆಲುಗು. ಒಂದೇ ಬಳ್ಳಿಯ ಲಿಪಿ. ಅದೇ ಸೀಳು, ಅದೇ ಒತ್ತು, ಅದೇ ಕಷ್ಟ. ಅಲ್ಲಿ ಎರಡು ಸಾಲುಗಳೂ ಒಟ್ಟಿಗೆ ಗೆಲ್ಲುತ್ತವೆ ಅಥವಾ ಒಟ್ಟಿಗೆ ಸೋಲುತ್ತವೆ. ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಿ ಮರಾಠಿಯ ದೇವನಾಗರಿ. ಅದಕ್ಕೆ ಸಾಲಿನುದ್ದಕ್ಕೂ ತೊಲೆಯಂತೆ ಶಿರೋರೇಖೆ; ದಪ್ಪಮಾಡಿದರೆ ಆ ತೊಲೆಯೇ ಸಾಲಿಗೆಲ್ಲ ಬಲ ಕೊಡುತ್ತದೆ, ಪಕ್ಕದ ಕನ್ನಡ ಬಿಡಿಬಿಡಿಯಾಗಿ ಹಗುರವಾಗಿ ಕಾಣುತ್ತದೆ. ಕಾಸರಗೋಡಿನ ಮಲೆಯಾಳದ ಕಥೆ ಬೇರೆ. ಟೈಪ್‌ರೈಟರಿಗೆ ಅನುಕೂಲವಾಗಲೆಂದು ೧೯೭೧ರಲ್ಲಿ ಕೇರಳ ಸರಕಾರ ಲಿಪಿಸುಧಾರಣೆಯನ್ನು ತಂದು, ಉಕಾರದ ಚಿಹ್ನೆಗಳನ್ನೂ ಅನೇಕ ಕೂಡಕ್ಷರಗಳನ್ನೂ ಬಿಡಿಸಿತು. ಕೆಳಗೆ ತೂಗುತ್ತಿದ್ದುದು ಪಕ್ಕಕ್ಕೆ ಬಂದಿತು. ಸಾಲು ಚಪ್ಪಟೆಯಾಗಿ ಫಲಕಕ್ಕೆ ಅನುಕೂಲವಾಯಿತು. ಗಣಕಯಂತ್ರ ಬಂದ ಮೇಲೆ ಹಳೆಯ ರೂಪಗಳೇ ಬೇಕೆಂಬ ಚಳವಳಿಯೂ ಅಲ್ಲಿ ಹುಟ್ಟಿದೆ. ಕನ್ನಡ ತನ್ನ ಒತ್ತುಗಳನ್ನು ಬಿಡಲಿಲ್ಲ. ಅದು ಸರಿಯಾದದ್ದೇ ಎನ್ನುವವನು ನಾನು. ಆದರೆ ಅದರ ಬೆಲೆಯನ್ನು ಫಲಕದ ಮೇಲೆ ತೆರುತ್ತಿದ್ದೇವೆ ಎಂಬುದನ್ನೂ ಮರೆಯಬಾರದು.

ಗಣಕಯಂತ್ರದ ಕಾಲದಲ್ಲಿ ಎರಡು ಬಗೆಯ ಬದಲಾವಣೆಗಳಾದುವು. ೧೯೯೧ರಲ್ಲಿ ಯುನಿಕೋಡ್ ಎಂಬ ಅಂತರರಾಷ್ಟ್ರೀಯ ಸಂಕೇತಪದ್ಧತಿ ಹೊರಬಂದಾಗ ಕನ್ನಡಕ್ಕೂ ಅದರಲ್ಲಿ ಒಂದು ಪಂಕ್ತಿ ದೊರೆಯಿತು. ಜನರ ಕೈಗೆ ಮೊದಲು ಬಂದದ್ದು ೧೯೯೮ರ 'ಬರಹ', ೨೦೦೧ರ 'ನುಡಿ' ಮುಂತಾದ ತಂತ್ರಾಂಶಗಳು. ಅವುಗಳ ಉಪಕಾರ ದೊಡ್ಡದು. ಆದರೆ ಅಂದಿನ ಫಾಂಟುಗಳಲ್ಲಿ ಬರೆದುದನ್ನು ಅದೇ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ರೋಮನ್ ಚಿಹ್ನೆಗಳ ರಾಶಿ ಕಾಣುತ್ತಿತ್ತು. ಗಡಿಯಾಚೆ ಕುಳಿತ ನಮಗೆ ಇದರ ಅನುಭವ ಒಳನಾಡಿನವರಿಗಿಂತ ಹೆಚ್ಚು. ಬೆಂಗಳೂರಿನಿಂದ ಬಂದ ಆಹ್ವಾನಪತ್ರಿಕೆ ನಮ್ಮೂರ ಯಂತ್ರದಲ್ಲಿ ಓದಲಾಗದ ಮಂತ್ರವಾಗುತ್ತಿತ್ತು. ಯುನಿಕೋಡ್ ಬಳಕೆಗೆ ಬಂದಂತೆ ಈ ತೊಂದರೆ ಹಿಂದೆ ಸರಿಯಿತು.

ಎರಡನೆಯದು ಫಾಂಟುಗಳ ಸಮೃದ್ಧಿ. ೨೦೧೦ರ ದಶಕದ ಮಧ್ಯಭಾಗದಲ್ಲಿ ಮುಂಬಯಿಯ ಏಕ್ ಟೈಪ್ ಎಂಬ ಅಕ್ಷರ ವಿನ್ಯಾಸಕಾರರ ಬಳಗ 'ಬಾಲೂ' ಎಂಬ ದಪ್ಪ ದುಂಡಕ್ಷರದ ಕುಟುಂಬವೊಂದನ್ನು ಹೊರತಂದಿತು. ಹಿಂದಿಯಲ್ಲಿ ಭಾಲೂ ಎಂದರೆ ಕರಡಿ. ಕಿಪ್ಲಿಂಗನ ಕಾಡಿನ ಕಥೆಗಳ ಕರಡಿಗೂ ಅದೇ ಹೆಸರು. ಅಕ್ಷರವೂ ಕರಡಿಮರಿಯಂತೆ ಮೈತುಂಬಿಕೊಂಡಿದೆ. ಇದು ಮೊದಲು ಒಂಬತ್ತು ಭಾರತೀಯ ಲಿಪಿಗಳಲ್ಲಿ, ಪ್ರತಿಯೊಂದಕ್ಕೂ ರೋಮನ್ ಅಕ್ಷರವನ್ನು ಕೂಡಿಸಿಕೊಂಡು ಬಂದಿತು. ಹೆಸರುಗಳನ್ನು ಇಟ್ಟಿರುವ ಬಗೆಯನ್ನು ನೋಡಿ: ಕನ್ನಡದ್ದು 'ಬಾಲೂ ತಮ್ಮ', ತೆಲುಗಿನದು 'ಬಾಲೂ ತಮ್ಮುಡು', ತಮಿಳಿನದು 'ಬಾಲೂ ತಂಬಿ', ಮಲೆಯಾಳದ್ದು 'ಬಾಲೂ ಚೇಟ್ಟನ್', ಗುಜರಾತಿಯದು 'ಬಾಲೂ ಭಾಯ್'. ಮಲೆಯಾಳಕ್ಕೆ ಮಾತ್ರ ಅಣ್ಣನ ಪಟ್ಟ ಸಿಕ್ಕಿ ನಾವು ಮೂವರು ತಮ್ಮಂದಿರಾದೆವು. ಇದಕ್ಕಾಗಿ ಕಾಸರಗೋಡಿನಲ್ಲಿ ಯಾರೂ ಹೊಸ ವಿವಾದ ಹೂಡದಿರಲಿ! ಈ ಕುಟುಂಬ ಮುಕ್ತ ಪರವಾನಗಿಯಲ್ಲಿದೆ. ಹಣ ಕೊಡದೆ ಯಾರು ಬೇಕಾದರೂ ಬಳಸಬಹುದು, ಬೇಕಾದರೆ ತಿದ್ದಿಕೊಳ್ಳಲೂಬಹುದು. ಮೊದಲು ಒಂದೇ ದಪ್ಪದಲ್ಲಿದ್ದುದು ಪರಿಷ್ಕರಣದಲ್ಲಿ ಐದು ದಪ್ಪಗಳಿಗೆ ಬೆಳೆಯಿತು.

ಬೇರೆ ದುಂಡಕ್ಷರದ ಫಾಂಟುಗಳೂ ಇವೆ. ಇದನ್ನೇ ಏಕೆ ಎತ್ತಿ ಹೇಳಿದೆನೆಂದರೆ, ಗಡಿಯ ಫಲಕಕ್ಕೆ ಬೇಕಾದ ಒಂದು ಗುಣ ಇದರಲ್ಲಿದೆ. ಕನ್ನಡಕ್ಕೆ ಒಬ್ಬರು, ತಮಿಳಿಗೆ ಇನ್ನೊಬ್ಬರು, ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ರುಚಿಯಿಂದ ಮಾಡಿದ ಫಾಂಟುಗಳನ್ನು ಒಂದೇ ಫಲಕದಲ್ಲಿ ಕೂಡಿಸಿದರೆ ಒಂದು ಎದ್ದು ಒಂದು ಬೀಳುವುದು ಸಹಜ. ಇಲ್ಲಿ ಎಲ್ಲ ಲಿಪಿಗಳನ್ನೂ ಒಂದೇ ತೂಕಕ್ಕೆ ತೂಗಿ ಒಂದೇ ಬಳಗ ಬರೆದಿದೆ. ಬೋರ್ಡು ಬರೆಯುವವರ ಒಂದೇ ಕುಂಚ ಸಹಜವಾಗಿ ಮಾಡುತ್ತಿದ್ದ ಕೆಲಸವನ್ನು ಇದು ಗಣಕಯಂತ್ರದಲ್ಲಿ ಮಾಡುತ್ತದೆ. ಹಾಗೆಂದು ಇದು ಸರ್ವರೋಗಕ್ಕೂ ಮದ್ದಲ್ಲ. ಪುಟದ ತುಂಬ ಇದರಲ್ಲಿ ಅಚ್ಚು ಮಾಡಿದರೆ ಓದುಗನಿಗೆ ಅಜೀರ್ಣವಾಗುತ್ತದೆ. ಅತಿ ದಪ್ಪದ ರೂಪವನ್ನು ಚಿಕ್ಕ ಅಳತೆಯಲ್ಲಿ ಬಳಸಿದರೆ ಮೇಲೆ ಹೇಳಿದ ಸೀಳಿನ ಕಷ್ಟ ಮತ್ತೆ ತಲೆಯೆತ್ತುತ್ತದೆ. ಅಲ್ಲಿ ಮಧ್ಯಮ ದಪ್ಪವನ್ನು ಆರಿಸಬೇಕು. ಇದರ ಮುಖದಲ್ಲಿ ಒಂದು ಆಟದ ಕಳೆಯೂ ಇದೆ. ಶಿಶುವಿಹಾರಕ್ಕೆ, ವಾರ್ಷಿಕೋತ್ಸವಕ್ಕೆ, ವಾಚನಾಲಯಕ್ಕೆ ಚೆನ್ನ. ಹುತಾತ್ಮರ ಸ್ಮಾರಕಕ್ಕೆ ನಾನಾದರೆ ಬೇರೆ ಅಕ್ಷರವನ್ನು ಹುಡುಕುವೆನು.

ಫಾಂಟು ಒಳ್ಳೆಯದಾದರೂ ಫಲಕ ಕೆಡುವುದುಂಟು. ಫ್ಲೆಕ್ಸ್ ಅಚ್ಚು ಮಾಡುವ ಅಂಗಡಿಯವನಿಗೆ ಕನ್ನಡ ಬಾರದಿರಬಹುದು. ಅವನ ಯಂತ್ರದ ತಂತ್ರಾಂಶ ಭಾರತೀಯ ಲಿಪಿಗಳನ್ನು ಜೋಡಿಸುವ ವಿಧಾನ ತಿಳಿಯದ ಹಳೆಯದಾಗಿರಬಹುದು. ಆಗ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಲ್ಲುತ್ತದೆ. ನಾನು ಕಂಡ ಒಂದು ಶಾಲೆಯ ಫಲಕದಲ್ಲಿ 'ಪ್ರಾಥಮಿಕ' ಎಂಬುದು 'ಪ್‌ರಾಥಮಿಕ' ಎಂದು ಮೂಡಿತ್ತು. ಅದರ ಕೆಳಗೆ ನಿಂತು ಮಕ್ಕಳಿಗೆ ಒತ್ತಕ್ಷರ ಕಲಿಸಬೇಕಾದ ಅಧ್ಯಾಪಕರ ಪಾಡನ್ನು ನೀವೇ ಊಹಿಸಿ. ಸಂವಿಧಾನದ ೩೫೦ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಕರ್ಯವಿರಬೇಕೆಂದು ಹೇಳುತ್ತದೆ. ಒತ್ತು ಎಲ್ಲಿರಬೇಕೆಂದು ಹೇಳುವ ಹೊಣೆ ಮಾತ್ರ ನಮ್ಮದೇ.

ಆದುದರಿಂದ ಫಲಕ ಮಾಡಿಸುವ ಮುನ್ನ ಕರಡನ್ನು ತರಿಸಿಕೊಂಡು, ಗೋಡೆಗೆ ಅಂಟಿಸಿ, ಇಪ್ಪತ್ತು ಹೆಜ್ಜೆ ಹಿಂದೆ ನಿಂತು ನೋಡಬೇಕು. ಒಬ್ಬ ವಿದ್ಯಾರ್ಥಿಯಿಂದ ಗಟ್ಟಿಯಾಗಿ ಓದಿಸಬೇಕು. ಅವನು ಧಕಾರವನ್ನು ದಕಾರವೆಂದು ಓದಿದರೆ ತಪ್ಪು ಅವನದಲ್ಲ. 'ಸ್ವಾತಂತ್ರ್ಯ', 'ಫಲ', 'ಕರ್ನಾಟಕ', 'ಜ್ಞಾನ', 'ಷಷ್ಠಿ' ಎಂಬ ಐದು ಪದಗಳನ್ನು ಬರೆಯಿಸಿದರೆ ಅರ್ಕಾವತ್ತು, ಸೀಳು, ಚುಕ್ಕೆ, ಇಮ್ಮಡಿ ಒತ್ತು ಎಲ್ಲದರ ಪರೀಕ್ಷೆಯೂ ಆದಂತಾಗುತ್ತದೆ. ನಮ್ಮ ಸಂಚಿಕೆಗಳಂಥವಕ್ಕೆ ಇನ್ನೊಂದು ಪರೀಕ್ಷೆ ಬೇಕು. ಹಳಗನ್ನಡದ ಱ ಮತ್ತು ೞ ಯುನಿಕೋಡಿನಲ್ಲಿ ಸ್ಥಾನ ಪಡೆದಿವೆ. ಆದರೆ ಸ್ಥಾನವಿದ್ದ ಮಾತ್ರಕ್ಕೆ ಪ್ರತಿಯೊಂದು ಫಾಂಟೂ ಅವನ್ನು ಬರೆದಿಟ್ಟಿರಬೇಕೆಂದಿಲ್ಲ. ಶಾಸನವನ್ನು ಕುರಿತ ಲೇಖನದ ತಲೆಬರಹದಲ್ಲಿ ೞಕಾರದ ಬದಲು ಬರಿಯ ಚೌಕದ ಪೆಟ್ಟಿಗೆ ಮೂಡಿದರೆ, ಅದನ್ನು ಪೆಟ್ಟಿಗೆ ತಲೆಯ ಲಿಪಿ ಎಂದು ಸಮರ್ಥಿಸಲು ಬಾರದು.